ದಪ್ಪ ಗೋಡೆಗಳ ಉಪಕಾರ

ಐವತ್ತು ಸಮೀಪಿಸುತ್ತಿರುವ ಈ ದಿನಗಳಲ್ಲಿ ನನ್ನ ಬಗ್ಗೆ ನನಗೇ ಒಂದು ಸಂಗತಿ ತಿಳಿದುಬಂದಿದೆ: ನನ್ನ ಬಳಿ ಮಾಹಿತಿ ಬೇಕಾದಷ್ಟಿದೆ, ಅನಿಸಿಕೆ ಮಾತ್ರ ಒಂದೂ ಇಲ್ಲ. ಇದನ್ನು ಕಂಡುಹಿಡಿದವರು ಹೆಲೆನ್ ಎಂಬ ನನ್ನ ಅಧ್ಯಾಪಕಿ. ಟೊರಾಂಟೊದಲ್ಲಿ ದೊಡ್ಡವರಿಗಾಗಿ ವಾರಕ್ಕೊಂದು ಸಂಜೆ ನಡೆಯುವ ವಾಸ್ತುಶಿಲ್ಪದ ತರಗತಿಯಲ್ಲಿ ಅವರು ಪಾಠ ಹೇಳುತ್ತಾರೆ. ನಾನು ಪಕ್ಕದ ಊರಾದ ಮಿಸಿಸಾಗದಿಂದ ರೈಲಿನಲ್ಲಿ ಹೋಗಿ, ಮೊದಲ ಸಾಲಿನಲ್ಲಿ ಕುಳಿತು, ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತೇನೆ. ‘ರೋಮನೆಸ್ಕ್ ವಾಸ್ತುಶಿಲ್ಪದ ಬಗ್ಗೆ ನಿಮ್ಮ ವೈಯಕ್ತಿಕ ಅನಿಸಿಕೆಗಳು’ ಎಂಬ ವಿಷಯ ಕೊಟ್ಟು ಪ್ರಬಂಧ ಬರೆಯಲು ಅವರು ಹೇಳಿದರು. ಬರೆದೆ. ಪೀಠಿಕೆ, ನಿರೂಪಣೆ, ಉಪಸಂಹಾರಗಳು ತಮ್ಮ ತಮ್ಮ ಸ್ಥಾನಗಳಲ್ಲಿ ಕೈಕಟ್ಟಿ ಕುಳಿತಿದ್ದವು. ತಿದ್ದಿದ ಪ್ರತಿ ಕೈಗೆ ಬಂದಾಗ ಅದರ ಅಂಚಿನಲ್ಲಿ ಪೆನ್ಸಿಲ್ಲಿನ ಒಂದೇ ಸಾಲು ಇತ್ತು: “ಎಲ್ಲವೂ ಸರಿಯಾಗಿದೆ. ನೀವೆಲ್ಲಿದ್ದೀರಿ?”

ಈ ಪ್ರಶ್ನೆಗೆ ನಾನು ಕೊಡಬಹುದಾಗಿದ್ದ ಪ್ರಾಮಾಣಿಕ ಉತ್ತರ “ಮೊದಲ ಸಾಲಿನಲ್ಲಿ” ಎಂಬುದೊಂದೇ. ಧಾರವಾಡದ ಪ್ರೌಢಶಾಲೆಯೊಂದರಲ್ಲಿ ಹಲವು ವರ್ಷ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸಿದವಳು ನಾನು. ಅಲ್ಪವಿರಾಮವೊಂದು ತನ್ನ ಜಾಗ ಬಿಟ್ಟು ಕದಲಿದರೆ ನನಗೆ ರಾತ್ರಿಯ ಊಟ ಸೇರುತ್ತಿರಲಿಲ್ಲ. ಪ್ರಬಂಧವೆಂದರೆ ಬರೆಯುವವರು ಬಾಗಿಲ ಹೊರಗೆ ನಿಂತು ವಿಷಯವನ್ನು ಮಾತ್ರ ಒಳಗೆ ಕಳುಹಿಸಬೇಕಾದ ಕೋಣೆ ಎಂದು ನಂಬಿದ್ದವಳಿಗೆ, “ನೀವೂ ಒಳಗೆ ಬನ್ನಿ” ಎಂದು ಕರೆದರೆ ಗಾಬರಿಯಾಗದೆ ಇರುತ್ತದೆಯೆ?

ಗಾಬರಿಗೆ ಇನ್ನೊಂದು ಕಾರಣವೂ ಇತ್ತು. ನಾನು ಈ ತರಗತಿಗೆ ಸೇರಿದ್ದು ಕಲ್ಲುಗಳ ಮೇಲಿನ ಪ್ರೀತಿಯಿಂದಲ್ಲ. ಕೆನಡಕ್ಕೆ ಬಂದ ಮೇಲೆ ನನ್ನ ಕೆಲಸ ಔಷಧದಂಗಡಿಯೊಂದರ ಹಿಂಭಾಗದಲ್ಲಿ ಮಾತ್ರೆಯ ಡಬ್ಬಿಗಳಿಗೆ ಲೇಬಲ್ ಅಂಟಿಸುವುದು. ತಪ್ಪಾಗಬಾರದ ಕೆಲಸವಾದ್ದರಿಂದ ಅದು ನನ್ನ ಸ್ವಭಾವಕ್ಕೆ ಒಪ್ಪುತ್ತದೆ, ದೂರುವಂಥದ್ದೇನೂ ಅಲ್ಲಿಲ್ಲ. ಆದರೆ ಮಾತ್ರೆಗಳು ಪ್ರಶ್ನೆ ಕೇಳುವುದಿಲ್ಲ. ನಾಲ್ಕು ಜನರ ಮುಂದೆ ನಿಂತು ಒಂದು ವಿಷಯವನ್ನು ಬಿಡಿಸಿ ಹೇಳುವಾಗ, ಹಿಂದೆ ಎಲ್ಲೋ ನಿಂತ ಒಂದು ಮುಖದಲ್ಲಿ ‘ಓಹೋ’ ಎಂಬ ದೀಪ ಹೊತ್ತಿಕೊಳ್ಳುತ್ತದಲ್ಲ, ಆ ಬೆಳಕಿಲ್ಲದೆ ನಾನು ವರ್ಷಗಟ್ಟಲೆ ಬಾಡಿದ್ದೆ. ಹೆಲೆನ್ ಬೇಸಿಗೆಯ ಶನಿವಾರಗಳಂದು ನಗರದ ಹಳೆಯ ಕಟ್ಟಡಗಳನ್ನು ಜನರಿಗೆ ತೋರಿಸುವ ನಡಿಗೆಗಳನ್ನು ಏರ್ಪಡಿಸುತ್ತಾರೆ. ತರಗತಿಯಲ್ಲಿ ತೇರ್ಗಡೆಯಾದವರ ಪೈಕಿ ಒಬ್ಬರನ್ನು ಆ ನಡಿಗೆಗೆ ಮಾರ್ಗದರ್ಶಿಯಾಗಿ ಆರಿಸಿಕೊಳ್ಳುತ್ತಾರೆ. ಸಂಬಳವಿಲ್ಲದ ಕೆಲಸ. ಅದು ನನಗೆ ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಸಿಗದಿದ್ದರೆ ಸಮಾಧಾನ ಹೇಳಿಸಿಕೊಳ್ಳಬೇಕಾದೀತೆಂಬ ಭಯದಿಂದ ಮನೆಯಲ್ಲಿ ಆ ಮಾತನ್ನೇ ಎತ್ತಿರಲಿಲ್ಲ. ಈಗ ಪ್ರಬಂಧವನ್ನು ಮತ್ತೆ ಬರೆಯದೆ ತೇರ್ಗಡೆಯಿಲ್ಲ, ಅನಿಸಿಕೆಯಿಲ್ಲದೆ ಪ್ರಬಂಧವಿಲ್ಲ.

ರೋಮನೆಸ್ಕ್ ಎಂದರೇನೆಂದು ಕೇಳುವಿರಾದರೆ, ಮಾಹಿತಿ ನನ್ನ ಬಳಿ ಸಿದ್ಧವಾಗಿದೆ. ಸುಮಾರು ಸಾವಿರ ವರ್ಷಗಳ ಹಿಂದೆ ಯುರೋಪಿನ ಜನ, ಎಂದೋ ಮುಗಿದುಹೋಗಿದ್ದ ರೋಮನ್ ಸಾಮ್ರಾಜ್ಯದ ದುಂಡು ಕಮಾನನ್ನು ನೆನಪಿನಿಂದ ಎತ್ತಿಕೊಂಡು ಚರ್ಚುಗಳನ್ನೂ ಮಠಗಳನ್ನೂ ಕಟ್ಟಿದರು. ಆನೆಯ ಮೈಯಂಥ ಗೋಡೆ, ಗಿಡ್ಡ ಕಂಬ, ಜಿಪುಣ ಕಿಟಕಿ, ಒಳಗೆ ತಂಪು ಕತ್ತಲೆ. ಆಮೇಲೆ ಬಂದ ಗಾಥಿಕ್ ಶೈಲಿ ಚೂಪು ಕಮಾನು, ಬಣ್ಣದ ಗಾಜು, ಮುಗಿಲಿಗೆ ಏರುವ ಗೋಪುರಗಳಿಂದ ಎಲ್ಲರ ಮನಸ್ಸನ್ನು ಕದ್ದುಬಿಟ್ಟಿತು. ಚೆಲುವೆ ತಂಗಿಯ ಮದುವೆಯಲ್ಲಿ ಅಡುಗೆಮನೆಯ ಉಸ್ತುವಾರಿ ನೋಡಿಕೊಳ್ಳುವ ಅಕ್ಕನಂತೆ ರೋಮನೆಸ್ಕ್ ಫೋಟೋಗಳಿಂದ ಹೊರಗೇ ಉಳಿಯಿತು. ಆ ಪಾಪದ ಶೈಲಿಗೆ ಬದುಕಿದ್ದಾಗ ಒಂದು ಹೆಸರೂ ಇರಲಿಲ್ಲ. ಅದನ್ನು ಕಟ್ಟಿದ ಯಾರಿಗೂ ತಾವು ರೋಮನೆಸ್ಕ್ ಕಟ್ಟುತ್ತಿದ್ದೇವೆಂದು ತಿಳಿದಿರಲಿಲ್ಲ. ಶತಮಾನಗಳ ನಂತರ ವಿದ್ವಾಂಸರು ಬಂದು ಅಂಟಿಸಿದ ಲೇಬಲ್ ಅದು. ವೃತ್ತಿಯಿಂದ ಲೇಬಲ್ ಅಂಟಿಸುವ ನನಗೆ ಇದು ಸ್ವಲ್ಪ ಮುಜುಗರದ ವಿಷಯ.

ಟೊರಾಂಟೊದಲ್ಲಿ ಇರುವುದಂತೂ ಆ ಅಕ್ಕನ ಮರಿಮಕ್ಕಳು. ಏಳೆಂಟು ಶತಮಾನ ಕಳೆದ ಮೇಲೆ ಈ ಖಂಡದ ವಾಸ್ತುಶಿಲ್ಪಿಗಳಿಗೆ ದುಂಡು ಕಮಾನಿನ ಮೇಲೆ ಮತ್ತೆ ಮೋಹ ಹುಟ್ಟಿತು. ಹಳೆಯ ಸಿಟಿ ಹಾಲ್, ಶಾಸನಸಭೆಯ ಕಟ್ಟಡ, ಹಣವಂತರ ಹಲವಾರು ಮನೆಗಳು ಆ ಮೋಹದಲ್ಲಿ ಎದ್ದವು. ಮೊದಲ ಪ್ರಬಂಧದಲ್ಲಿ ನಾನು ಇವನ್ನೆಲ್ಲ “ಅನುಕರಣೆ” ಎಂದು ಒಂದೇ ಪದದಲ್ಲಿ ಮುಗಿಸಿದ್ದೆ. ಸಿಟಿ ಹಾಲ್‌ನ ಕಂದು ಕಲ್ಲು ನಮ್ಮ ಮಿಸಿಸಾಗದ ನಡುವೆ ಹರಿದುಬರುವ ಕ್ರೆಡಿಟ್ ನದಿಯ ಕಣಿವೆಯದು ಎಂಬುದನ್ನೂ ಬರೆದಿದ್ದೆ. ಮನೆಯ ಹತ್ತಿರದ ನದಿಯಲ್ಲವೆ, ಅದನ್ನು ನೋಡಿದಾಗ ಏನನಿಸಿತು ಎಂದು ಹೆಲೆನ್ ಕೇಳಿದ್ದರೆ, ಕಲ್ಲಿನ ಬಣ್ಣ ಕಂದು ಎಂದು ಅನಿಸಿತು ಎನ್ನುತ್ತಿದ್ದೆನೋ ಏನೋ.

ನನ್ನ ಈ ಸಂಕಟವನ್ನು ಕೇಳಿ ಬಹಳ ಸಂತೋಷಪಟ್ಟವರು ದೇಸಾಯಿ ಕಾಕಾ. ಅವರು ಸಂಬಂಧಿಕರಲ್ಲ, ರಿಚ್ಮಂಡ್ ಹಿಲ್‌ನ ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಸಿಕ್ಕಿ ಕಾಕಾ ಆದವರು. ಹುಬ್ಬಳ್ಳಿಯ ಕಡೆಯಿಂದ ನಾನು ಹುಟ್ಟುವ ಮೊದಲೇ ಇಲ್ಲಿಗೆ ಬಂದು, ಸೇತುವೆಗಳನ್ನು ಕಟ್ಟಿ, ಈಗ ನಿವೃತ್ತರಾಗಿರುವ ಸಿವಿಲ್ ಎಂಜಿನಿಯರ್. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಕರೆಯುವಂತೆ ನನ್ನನ್ನು ‘ಅಕ್ಕೋರ’ ಎನ್ನುತ್ತಾರೆ. ಒಂದು ಭಾನುವಾರ ಅವರ ಮನೆಯಲ್ಲಿ ಚಹಾ, ಅವಲಕ್ಕಿ ಮುಂದಿಟ್ಟುಕೊಂಡು ಕುಳಿತಾಗ ಅವರೇ ತೀರ್ಪು ಕೊಟ್ಟರು.

“ಅಲ್ರೀ ಅಕ್ಕೋರ, ಅದ್ರಾಗ ಅನಿಸಿಕಿ ಏನ್ ಬಂತು? ಲೆಕ್ಕಾ ಬರಲಾರದವ್ರು ಕಟ್ಟಿದ್ದು ಅದು. ಎಷ್ಟು ಲೋಡು ಬರ್ತದ ಅಂತ ಗೊತ್ತಿಲ್ಲ, ಅದಕ್ಕ ಗ್ವಾಡಿ ದಪ್ಪ ಮಾಡ್ಯಾರ. ಪಕ್ಕಾ ಓವರ್‌ಡಿಸೈನು!”

“ಆದ್ರೂ ಬಿದ್ದಿಲ್ಲಲ್ರೀ ಕಾಕಾ?”

“ಬೀಳಲಿಕ್ಕೆ ಒಳಗ ಜಾಗಾ ಎಲ್ಲೆ ಅದ? ಎಲ್ಲಾ ಬರೇ ಗ್ವಾಡೀನ!”

“ನಿಮ್ಮ ತಲೀ ಹಂಗ,” ಎಂದು ಅಡುಗೆಮನೆಯಿಂದ ಅವರ ಹೆಂಡತಿ ಕಾಕು ಅವರ ದನಿ ಬಂತು.

ಮನೆಗೆ ಹಿಂದಿರುಗುವಾಗ ಬಸ್ಸಿನಲ್ಲಿ ಕಾಕಾ ಅವರ ಮಾತು ನನ್ನೊಂದಿಗೇ ಕುಳಿತಿತ್ತು. ಲೆಕ್ಕ ಬಾರದವರು ಗೋಡೆ ದಪ್ಪ ಕಟ್ಟುತ್ತಾರೆ. ಅಂಥವರು ಯಾರೆಂದು ಯುರೋಪಿನ ತನಕ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಈ ದೇಶದ ಮೊದಲ ಚಳಿಗಾಲದಲ್ಲಿ ನಾನು ಉಡುಗೆ ತೊಟ್ಟ ಬಗೆಯನ್ನು ನೆನೆಸಿಕೊಂಡೆ: ಒಳಗೆ ಉಣ್ಣೆಯ ಬನಿಯನ್, ಅದರ ಮೇಲೆ ಒಂದರ ಮೇಲೊಂದು ಸ್ವೆಟರು, ಅದರ ಮೇಲೆ ಶಾಲು, ಶಾಲಿನ ಮೇಲೆ ಕೋಟು. ನೋಡಲು ಬಿಟ್ಟ ಜಾಗ ಎರಡು ಸಣ್ಣ ಕಿಟಕಿಗಳಷ್ಟು. ಶುದ್ಧ ರೋಮನೆಸ್ಕ್. ಎಷ್ಟು ಚಳಿಗೆ ಎಷ್ಟು ಬಟ್ಟೆ ಎಂಬ ಲೆಕ್ಕ ನನಗೆ ಇಂದಿಗೂ ಬಂದಿಲ್ಲ. ಇಲ್ಲಿಯೇ ಹುಟ್ಟಿದ ಮಗಳು ತೆಳ್ಳನೆಯ ಜಾಕೆಟ್ಟಿನ ಗುಂಡಿಯನ್ನೂ ಹಾಕದೆ ಹೊರಡುತ್ತಾಳೆ. ತಡೆದರೆ “ಅಮ್ಮಾ, ಇಟ್ಸ್ ನಾಟ್ ಈವನ್ ಕೋಲ್ಡ್” ಎನ್ನುತ್ತಾಳೆ. ಅವಳು ಗಾಥಿಕ್. ಗಾಥಿಕ್ ಎಂದರೆ ಲೆಕ್ಕ ತಿಳಿದವರ ಧೈರ್ಯ, ರೋಮನೆಸ್ಕ್ ಎಂದರೆ ಲೆಕ್ಕ ತಿಳಿಯದವರ ಎಚ್ಚರ. ಹಲ್ಲಿನ ಡಾಕ್ಟರಿಗೆ ಫೋನ್ ಮಾಡುವ ಮುನ್ನ ಹೇಳಬೇಕಾದ ವಾಕ್ಯಗಳನ್ನು ಬರೆದಿಟ್ಟುಕೊಳ್ಳುವ ನನ್ನ ಪದ್ಧತಿಯೂ ಅದೇ ಶೈಲಿಯದು. ನನ್ನ ದೋಷರಹಿತ ಪ್ರಬಂಧವೂ ಅಂಥದೇ ಗೋಡೆಯಾಗಿತ್ತೆಂದು, ಅದರೊಳಗೆ ನಾನು ಕಾಣದೆ ಹೋದದ್ದು ಹೆಲೆನ್ ಅವರ ದೃಷ್ಟಿದೋಷವಲ್ಲವೆಂದು ಒಪ್ಪಿಕೊಳ್ಳುವ ಹೊತ್ತಿಗೆ ನಾನು ಇಳಿಯಬೇಕಾದ ನಿಲ್ದಾಣ ಹಿಂದೆ ಉಳಿದಿತ್ತು.

ಇಲ್ಲಿ ಒಂದು ಸಣ್ಣ ಅಡ್ಡದಾರಿ ಹಿಡಿಯಲು ಅಪ್ಪಣೆ ಕೊಡಿ. ಆ ದುಂಡು ಕಮಾನುಗಳು ಯುರೋಪಿನಲ್ಲಿ ಏಳುತ್ತಿದ್ದ ಶತಮಾನಗಳಲ್ಲಿಯೇ ನಮ್ಮ ಲಕ್ಕುಂಡಿಯಲ್ಲಿ, ಇಟಗಿಯಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ದೇವಾಲಯಗಳನ್ನು ಕಟ್ಟುತ್ತಿದ್ದರು. ಕಮಾನಿನ ಗೊಡವೆಗೆ ಅವರು ಹೋಗಲಿಲ್ಲ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಕಂಬಗಳನ್ನೋ, ಈಗಷ್ಟೇ ಯಂತ್ರದಲ್ಲಿ ತಿರುಗಿಸಿ ತೆಗೆದರೆಂಬಷ್ಟು ನುಣುಪಾಗಿ ಕಡೆದರು. ಯುರೋಪಿನವರು ಕಂಬದ ತಲೆಯ ಮೇಲೆ ಮನುಷ್ಯರನ್ನು ನುಂಗುವ ಸಿಂಹಗಳನ್ನು ಕೆತ್ತಿದರೆ, ನಮ್ಮವರು ಬಾಗಿಲ ಮೇಲೆ ಬಳ್ಳಿಗಳನ್ನು ಉಗುಳುವ ಮಕರಗಳನ್ನು ಕೆತ್ತಿದರು. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಿಲ್ಲ. ಆದರೂ ಒಂದು ವಿಷಯದಲ್ಲಿ ಇಬ್ಬರಿಗೂ ಒಮ್ಮತವಿತ್ತು: ದೇವರಿಗೆ ಹೆಚ್ಚು ಬೆಳಕು ಹಿಡಿಸುವುದಿಲ್ಲ. ಶಾಲೆಯ ಪ್ರವಾಸದಲ್ಲಿ ಮಕ್ಕಳನ್ನು ಕರೆದುಕೊಂಡು ನಾನು ಲಕ್ಕುಂಡಿಗೆ ಹಲವು ಸಲ ಹೋಗಿದ್ದೇನೆ. ಆ ಕತ್ತಲಲ್ಲಿ ಮಕ್ಕಳ ತಲೆ ಎಣಿಸುವುದು ಎಷ್ಟು ಕಷ್ಟವೆಂಬುದು ನನಗೆ ಚೆನ್ನಾಗಿ ನೆನಪಿದೆ.

ಮಾರ್ಚ್ ತಿಂಗಳ ಒಂದು ಶನಿವಾರ ಹೆಲೆನ್ ನಮ್ಮ ತರಗತಿಯನ್ನು ಇದೇ ಶೈಲಿಯ ಒಂದು ಹಳೆಯ ಚರ್ಚಿಗೆ ಕರೆದಿದ್ದರು. ರಸ್ತೆಯಲ್ಲಿ ಹಿಮ ಕರಗಿ ಕೆಸರಾಗಿತ್ತು. ಎಂದಿನಂತೆ ಎಲ್ಲರಿಗಿಂತ ಮೊದಲು ಬಂದವಳು ನಾನು. ದುಂಡು ಕಮಾನಿನ ಬಾಗಿಲನ್ನು ದಾಟಿದರೆ ಒಂದು ಸಣ್ಣ ಮೊಗಸಾಲೆ, ಅಲ್ಲಿ ಒರಟು ಚಾಪೆ. ಮುಂದೆ ನಡೆದುದಕ್ಕೆ ನಾನು ಹೊಣೆಯಲ್ಲ, ನನ್ನ ಕಾಲುಗಳು ಹೊಣೆ. ಹೊರಗೆ ಕೆಸರು, ಒಳಗೆ ದೇವರು. ಇಷ್ಟು ತಿಳಿದ ಮೇಲೆ ಅವು ನನ್ನನ್ನು ಕೇಳಲು ನಿಲ್ಲಲಿಲ್ಲ. ಬೂಟುಗಳನ್ನು ಬಿಚ್ಚಿ, ಮೂತಿ ಹೊರಗಾಗುವಂತೆ ಗೋಡೆಗೆ ಒತ್ತಿ ಜೋಡಿಸಿಟ್ಟು, ಕಾಲುಚೀಲದಲ್ಲಿ ಒಳಗೆ ಹೋಗಿ ಕುಳಿತೆ. ರಿಚ್ಮಂಡ್ ಹಿಲ್‌ನ ದೇವಸ್ಥಾನದಲ್ಲಿ ಮಾಡುವುದೂ ಇದನ್ನೇ ತಾನೆ!

ಸ್ವಲ್ಪ ಹೊತ್ತಿನಲ್ಲಿ ಸಹಪಾಠಿಗಳು ಒಬ್ಬೊಬ್ಬರಾಗಿ ಬಂದರು. ಎಲ್ಲರೂ ಕಾಲುಚೀಲದಲ್ಲಿ ಬಂದರು. ನನ್ನ ಬೂಟುಗಳನ್ನು ನೋಡಿ ಮೊದಲನೆಯವರು ಇದೇ ಇಲ್ಲಿಯ ನಿಯಮವೆಂದು ಬಗೆದಿದ್ದರು. ಎರಡು ಜೊತೆ ಬೂಟುಗಳಿರುವಲ್ಲಿ ಮೂರನೆಯವರಿಗೆ ಸಂಶಯವೇ ಉಳಿಯುವುದಿಲ್ಲ. ಎತ್ತರದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಹೆಬ್ಬೆರಳು ಕಾಲುಚೀಲದ ತೂತಿನಿಂದ ಇಣುಕಿ ನೋಡುತ್ತಿತ್ತು. ಇದು ಚರ್ಚು, ಇಲ್ಲಿ ಬೂಟು ಬಿಡುವ ಪದ್ಧತಿಯಿಲ್ಲ ಎಂಬುದು ನನಗೆ ಹೊಳೆದದ್ದು ಆ ಹೆಬ್ಬೆರಳನ್ನು ನೋಡಿದ ಮೇಲೆ. ನನ್ನ ಕಾಲುಗಳನ್ನು ಬೆಂಚಿನ ಕೆಳಗೆ ಎಳೆದುಕೊಂಡೆ.

ಕಾರು ನಿಲ್ಲಿಸಿ ಕೊನೆಗೆ ಬಂದ ಹೆಲೆನ್ ಬಾಗಿಲಲ್ಲಿ ಬೂಟುಗಳ ಸಾಲನ್ನು ನೋಡಿದರು, ನಮ್ಮ ಕಾಲುಗಳನ್ನು ನೋಡಿದರು. “ಹೀಗೆ ಮಾಡಬೇಕೆಂದು ಯಾರು ಹೇಳಿದರು?” ಎಂದರು. ಇಡೀ ತರಗತಿ ನನ್ನ ಕಡೆ ಕೈ ತೋರಿಸಿತು. ತರಗತಿಯೊಂದು ಎಷ್ಟು ಬೇಗ ಕೈ ತೋರಿಸಬಲ್ಲದೆಂದು ನನಗೆ ಗೊತ್ತು. ಆದರೆ ಆ ಕೈಗಳ ತುದಿಯಲ್ಲಿ ನಿಂತ ಅನುಭವ ಹೊಸದು. ನಮ್ಮಲ್ಲಿ ಹೀಗೆ, ಅಭ್ಯಾಸಬಲ, ಕ್ಷಮಿಸಿ ಎಂದು ತೊದಲಿದೆ. ಹೆಲೆನ್ ಕೊನೆಯ ಬೆಂಚಿನ ಮೇಲೆ ಕುಳಿತು ತಮ್ಮ ಬೂಟಿನ ಲಾಡಿಯನ್ನೂ ಬಿಚ್ಚಿದರು. ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟು ಹೇಳಿದರು: “ಎಷ್ಟೋ ವರ್ಷಗಳಿಂದ ಇಲ್ಲಿಗೆ ಜನರನ್ನು ಕರೆತರುತ್ತಿದ್ದೇನೆ. ಈ ನೆಲ ಇಷ್ಟು ತಣ್ಣಗಿದೆಯೆಂದು ನನಗೆ ಗೊತ್ತಿರಲಿಲ್ಲ.”

ಅಂದು ಯಾರೂ ಟಿಪ್ಪಣಿ ಬರೆದುಕೊಳ್ಳಲಿಲ್ಲ. ಬೂಟಿನ ಸದ್ದಿಲ್ಲದ ಆ ಚರ್ಚಿನಲ್ಲಿ ಮೌನಕ್ಕೂ ಒಂದು ದಪ್ಪವಿತ್ತು. ಹೊರಗಿನ ರಸ್ತೆಯಲ್ಲಿ ಹಳಿಯ ಮೇಲೆ ಸ್ಟ್ರೀಟ್‌ಕಾರ್ ಎಂಬ ಟ್ರಾಮ್ ಹೋದದ್ದು ಯಾರೋ ನಾಲ್ಕು ಮನೆಗಳಾಚೆ ಪಾತ್ರೆ ಸರಿಸಿದಂತೆ ಕೇಳಿಸಿತು. ನಡುವಿನ ದಾರಿಯ ಕಲ್ಲುಗಳು ಅಂಚುಗಳಿಗಿಂತ ತುಸು ತಗ್ಗಾಗಿರುವುದನ್ನು ನನ್ನ ಅಂಗಾಲು ಕಂಡುಕೊಂಡಿತು. ಚಳಿ ಮೊಣಕಾಲಿಗೇರಿದಾಗ ಕುಳಿತುಕೊಳ್ಳಲು ಜಾಗ ಹುಡುಕುತ್ತ ಒಂದು ಕಿಟಕಿಯ ಬಳಿಗೆ ಹೋದೆ. ಹೊರಗಿನಿಂದ ಜಿಪುಣವಾಗಿ ಕಂಡ ಕಿಟಕಿ ಒಳಗೆ ಒಂದು ಗೂಡಾಗಿತ್ತು. ಗೋಡೆಯ ದಪ್ಪದೊಳಗೆ, ಮೊಣಕಾಲು ಮಡಿಸಿದರೆ, ಮಧ್ಯವಯಸ್ಸಿನ ಒಬ್ಬ ಹೆಂಗಸು ಸಲೀಸಾಗಿ ಹಿಡಿಸುವಷ್ಟು ಅವಕಾಶವಿತ್ತು. ಕುಳಿತೆ. ಬೆಳಕು ಆ ದಪ್ಪವನ್ನು ದಾಟಿ ಬರುವಷ್ಟರಲ್ಲಿ ಅವಸರವನ್ನೆಲ್ಲ ಕಳೆದುಕೊಂಡು ನನ್ನ ಮಡಿಲಿಗೆ ಇಳಿಯುತ್ತಿತ್ತು.

ನನ್ನ ಕಣ್ಣು ಏಕೆ ತುಂಬಿತೆಂದು ಕೇಳಿದರೆ ಕ್ರಮಬದ್ಧವಾದ ಉತ್ತರ ಕೊಡಲಾರೆ. ಲೆಕ್ಕ ಬಾರದವರು ಕಟ್ಟಿದ ಗೋಡೆ ಇದು ಎಂದು ಕಾಕಾ ಹೇಳಿದ್ದರು, ಅದು ನಿಜವೇ. ತಲೆಯ ಮೇಲೆ ಕಲ್ಲಿನ ಚಾವಣಿ ಬೇಕೆಂಬ ಆಸೆ, ಅದು ಬಿದ್ದೀತೆಂಬ ಭಯ, ಲೆಕ್ಕ ತಿಳಿಯದು. ಹಾಗಾಗಿ ಬೇಕಾದುದಕ್ಕಿಂತ ಹೆಚ್ಚು ಕಲ್ಲು. ಆದರೆ ಅವರು ಭಯಪಟ್ಟು ಕಟ್ಟದೆ ಕೂರಲಿಲ್ಲ, ಭಯಪಟ್ಟುಕೊಂಡೇ ಕಟ್ಟಿದರು. ಹಾಗೆ ಕಟ್ಟಿದ್ದರಿಂದ ಗೋಡೆಯೊಳಗೇ ಕುಳಿತುಕೊಳ್ಳಲು ಒಂದು ಜಾಗವಾಯಿತು. ಭಯಕ್ಕೆ ಇಷ್ಟೊಂದು ಅತಿಥಿಸತ್ಕಾರ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ಉಣ್ಣೆಯ ಮೇಲೆ ಉಣ್ಣೆ ಹೊದ್ದು, ವಾಕ್ಯದ ಮೇಲೆ ವಾಕ್ಯ ಬರೆದಿಟ್ಟುಕೊಂಡು ನಾನು ಈ ದೇಶದಲ್ಲಿ ನಿಂತಿರುವ ರೀತಿಯ ಬಗ್ಗೆ ಮೊದಲ ಬಾರಿಗೆ ನಾಚಿಕೆಯ ಬದಲು ಒಂದು ಬಗೆಯ ಬಾಂಧವ್ಯ ಹುಟ್ಟಿತು.

ಪ್ರಬಂಧವನ್ನು ಅಂಗಾಲಿನಿಂದ ಆರಂಭಿಸಿ ಮತ್ತೆ ಬರೆದೆ. ಪೀಠಿಕೆಯಿರಲಿಲ್ಲ; ಉಪಸಂಹಾರ ಎಲ್ಲಿ ಬಂತೆಂದು ನನಗೇ ತಿಳಿಯಲಿಲ್ಲ. ಈ ಬಾರಿ ಅಂಚಿನಲ್ಲಿ “ಸಿಕ್ಕಿದಿರಿ” ಎಂದಿತ್ತು. ತೇರ್ಗಡೆಯಾದೆ. ಮಾರ್ಗದರ್ಶಿಯ ಜಾಗಕ್ಕೆ ಮಾತ್ರ ಇನ್ನೊಂದು ಪರೀಕ್ಷೆಯಿತ್ತು: ಆಸಕ್ತರು ಹಳೆಯ ಸಿಟಿ ಹಾಲ್‌ನ ಬಾಗಿಲ ಮುಂದೆ ನಿಂತು ಸ್ವಲ್ಪ ಹೊತ್ತು ಮಾತನಾಡಿ ತೋರಿಸಬೇಕು. ಕೇಳಲು ಮನೆಯವರನ್ನೂ ಸ್ನೇಹಿತರನ್ನೂ ಕರೆತರಬಹುದು. ನಾನು ಯಾರನ್ನೂ ಕರೆಯಲಿಲ್ಲ. ಆದರೂ ದೇಸಾಯಿ ಕಾಕಾ ಕಾಕು ಅವರನ್ನೂ ಕರೆದುಕೊಂಡು ಬಂದುಬಿಟ್ಟರು. ಅವರಿಗೆ ಸುದ್ದಿ ಕೊಟ್ಟದ್ದು ನನ್ನ ಯಜಮಾನರು. ಮನೆಯಲ್ಲಿ ನಾನು ಎತ್ತದೆ ಇದ್ದ ಮಾತು ಮನೆಯವರಿಗೆಲ್ಲ ಗೊತ್ತಿತ್ತು.

ನನ್ನ ಸರದಿ ಬಂತು. ಕಂಠಪಾಠವಾಗಿತ್ತು, ಚೆನ್ನಾಗಿಯೇ ಹೊರಟೆ. ಬಾಗಿಲ ಕಮಾನಿನ ಬಳಿ ಕೆತ್ತಿರುವ ವಿಕಾರ ಮುಖಗಳು ಆ ಕಾಲದ ನಗರಸಭಾ ಸದಸ್ಯರವೆಂದು ಹೇಳುತ್ತಾರೆ ಎಂಬಲ್ಲಿಗೆ ಬಂದಾಗ ಎಲ್ಲರೂ ನಕ್ಕರು. ಅಷ್ಟರಲ್ಲಿ ಕಾಕಾ ಕೈಯೆತ್ತಿ, ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ, “ಮೇಡಂ, ಈ ಕಮಾನು ಯಾಕೆ ಬೀಳುವುದಿಲ್ಲ?” ಎಂದರು. ಅವರ ಕಣ್ಣಿನಲ್ಲಿ ಹಬ್ಬ ನಡೆಯುತ್ತಿತ್ತು. ನನ್ನ ಮುಂದಿನ ವಾಕ್ಯ ಎಲ್ಲಿಗೋ ಹೊರಟುಹೋಯಿತು. ಹೆಲೆನ್ ನನ್ನನ್ನೇ ನೋಡುತ್ತಿದ್ದರು. ಆ ಕ್ಷಣದಲ್ಲಿ ನನಗೆ ಬೇಕಾದದ್ದೆಲ್ಲ ಕೈಬಿಟ್ಟಿತೆಂದೇ ತಿಳಿದೆ.

ಧಾರವಾಡದಲ್ಲಾದರೆ ಏನು ಮಾಡುತ್ತಿದ್ದೆ? ಕೇಳಿದವನನ್ನೇ ಎಬ್ಬಿಸಿ ಮುಂದೆ ಕರೆಯುತ್ತಿದ್ದೆ. ಕರೆದೆ. ಕಾಕಾ ಅವರನ್ನು ನಡುವೆ ನಿಲ್ಲಿಸಿ, ಎರಡೂ ಕೈಗಳನ್ನು ಮೇಲಕ್ಕೆ ಚಾಚಿಸಿ, ಎರಡೂ ಕಡೆ ಒಬ್ಬೊಬ್ಬರನ್ನು ನಿಲ್ಲಿಸಿದೆ. ಕಾಕಾ ಅವರ ಅಂಗೈಗಳಿಗೆ ಆ ಇಬ್ಬರೂ ಅಂಗೈ ಕೊಟ್ಟು, ಕಾಲು ಹಿಂದಕ್ಕಿಟ್ಟು, ಮೈಭಾರವನ್ನೆಲ್ಲ ಒಳಕ್ಕೆ ಒರಗಿಸಬೇಕು. ಒರಗಿದರು. ಕಮಾನಾಯಿತು, ಆದ ಕೂಡಲೇ ಎರಡೂ ಕಡೆಯವರ ಕಾಲುಗಳು ಹೊರಕ್ಕೆ ಜಾರತೊಡಗಿದವು.

“ಅಕ್ಕೋರ, ಜಾರ್ಲಿಕತ್ತದ್ರಿ! ಹಿಂದ ಮತ್ತೊಬ್ರು ಬೇಕು. ಛಲೋ ದಪ್ಪ ಇರೋರು ಬರ್ಲಿ!”

“ಓವರ್‌ಡಿಸೈನು ಆಗಂಗಿಲ್ಲೇನ್ರೀ ಕಾಕಾ?”

“ಈಗ ಚಾಷ್ಟಿ ಬ್ಯಾಡ್ರಿ, ಲಗೂ ಕಳಸ್ರಿ!”

ಬ್ಯಾಂಕ್ ಅಧಿಕಾರಿ ಒಂದು ಕಡೆಗೆ, ಹೆಲೆನ್ ಇನ್ನೊಂದು ಕಡೆಗೆ ಓಡಿ ಬೆನ್ನಿಗೆ ಬೆನ್ನು ಕೊಟ್ಟರು. ಕಮಾನು ನಿಂತಿತು. “ಗಟ್ಟಿ ಒತ್ರಿ,” ಎಂದು ಕಾಕು ಪಕ್ಕದಿಂದ ಹುರಿದುಂಬಿಸಿದರು, “ಮನ್ಯಾಗಂತೂ ಯಾರ ಕೈಗೂ ಸಿಗಂಗಿಲ್ಲ ಈ ಮನಷ್ಯಾ.” ಕನ್ನಡ ಬಾರದವರೂ ನಕ್ಕರು. ಹಿಂದೆ ನಿಂತಿದ್ದ ಒಬ್ಬ ಹೆಂಗಸು ಆ ಮನುಷ್ಯರ ಕಮಾನನ್ನು ನೋಡಿ, ತಲೆಯೆತ್ತಿ ಕಲ್ಲಿನ ಕಮಾನನ್ನು ನೋಡಿ, ಅದರ ಎರಡೂ ಬದಿಯ ಭಾರೀ ಗೋಡೆಗಳನ್ನು ನೋಡಿ, ಬಾಯಿ ತೆರೆದು “ಓ!” ಎಂದರು. ನಾನು ವರ್ಷಗಟ್ಟಲೆ ಕಾದಿದ್ದ ದೀಪ ಅದು.

“ಜೂನ್ ಮೊದಲ ಶನಿವಾರದ ನಡಿಗೆ ನಿಮ್ಮದು,” ಎಂದರು ಹೆಲೆನ್, ಗೋಡೆಯಾಗಿದ್ದಲ್ಲಿಂದಲೇ, ಏದುಸಿರು ಬಿಡುತ್ತ. “ಈಗ ನಾವು ಬಿಡಬಹುದೆ?”

“ಕೈ ಇಳಿಸಿ,” ಎಂದುಬಿಟ್ಟೆ, ಶಾಲೆಯ ದನಿಯಲ್ಲಿ, ಶಾಲೆಯ ಭಾಷೆಯಲ್ಲಿ. ಅನುವಾದ ಯಾರಿಗೂ ಬೇಕಾಗಲಿಲ್ಲ, ಎಲ್ಲರೂ ಇಳಿಸಿದರು. ತೋಳುಗಳನ್ನು ನೀವಿಕೊಳ್ಳುತ್ತ, ಇಷ್ಟಕ್ಕೇ ಸುಸ್ತಾಯಿತಲ್ಲ ಎಂದು ಒಬ್ಬರನ್ನೊಬ್ಬರು ನೋಡಿ ನಕ್ಕರು. ನಮ್ಮ ತಲೆಯ ಮೇಲೆ, ನೂರು ವರ್ಷಕ್ಕೂ ಮಿಕ್ಕು ಹಾಗೆಯೇ ಒಂದನ್ನೊಂದು ಒತ್ತಿಕೊಂಡು ನಿಂತಿದ್ದ ಕಲ್ಲುಗಳು ಮಾತ್ರ ನನ್ನ ಅಪ್ಪಣೆಯನ್ನು ಪಾಲಿಸಲಿಲ್ಲ. ನನ್ನ ಇಷ್ಟು ವರ್ಷಗಳ ಶಿಕ್ಷಕ ವೃತ್ತಿಯಲ್ಲಿ ಅವಿಧೇಯತೆಗೆ ನಾನು ಕೃತಜ್ಞಳಾದದ್ದು ಅದೇ ಮೊದಲು.